‘ಆಘಾತಕಾರಿ ದೃಷ್ಟಿ ನರರೋಗ’: ಕಣ್ಣಿನ ನರಕ್ಕೆ ಬಿದ್ದ ಪೆಟ್ಟಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ನಾನು ಧಾರವಾಡದಲ್ಲಿ ಮೋಟಾರು ವಾಹನ ಅಪಘಾತದ ಪರಿಹಾರ ಪ್ರಕರಣಗಳಿಗೆ ಬೇಕಾಗುವ ವೈದ್ಯಕೀಯ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ. ಈಚೆಗೆ ಕೈಗೆ ಬಂದ ಒಂದು ಕಡತದಲ್ಲಿ, ಯಾರೋ ಮೊದಲೇ ಯಂತ್ರದಿಂದ ಮಾಡಿಸಿಟ್ಟಿದ್ದ ಅನುವಾದವೂ ಇತ್ತು. ‘ಟ್ರಾಮ್ಯಾಟಿಕ್ ಆಪ್ಟಿಕ್ ನ್ಯೂರೋಪತಿ’ ಎಂಬುದನ್ನು ಅದರಲ್ಲಿ ‘ಆಘಾತಕಾರಿ ದೃಷ್ಟಿ ನರರೋಗ’ ಎಂದು ಬರೆಯಲಾಗಿತ್ತು. ಇದರಲ್ಲಿ ‘ದೃಷ್ಟಿ’ಯನ್ನು ಬಿಟ್ಟರೆ ಉಳಿದ ಯಾವ ಪದವೂ ತನ್ನ ಜಾಗದಲ್ಲಿ ಕೂತಿಲ್ಲವೆಂದು ನನಗೆ ಅನ್ನಿಸಿದ್ದರಿಂದ ಈ ಚರ್ಚೆಯನ್ನು ಎತ್ತುತ್ತಿದ್ದೇನೆ.

ಮೊದಲು ಸಂಗತಿ. ಹಾವೇರಿ ಕಡೆಯ ಒಬ್ಬ ತರುಣ ಬೈಕಿನಿಂದ ಬಿದ್ದು ಹುಬ್ಬಿನ ಮೇಲೆ ಗಾಯ ಮಾಡಿಕೊಂಡ. ಹೊಲಿಗೆ ಹಾಕಿ, ಬಾವು ಇಳಿದ ಮೇಲೆ ನೋಡಿದರೆ ಆ ಬದಿಯ ಕಣ್ಣಿಗೆ ಏನೂ ಕಾಣದು. ಕಣ್ಣುಗುಡ್ಡೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅವನ ತಾಯಿ ನನಗೆ ಹೇಳಿದ್ದು ಇಷ್ಟೇ: “ಕಣ್ಣು ಚಲೋ ಐತ್ರೀ, ಕಾಣೂದಿಲ್ಲ ಅಂತಾನ.” ಈ ಸ್ಥಿತಿಯನ್ನು ಇದಕ್ಕಿಂತ ಕರಾರುವಾಕ್ಕಾಗಿ ಹೇಳಿದ್ದನ್ನು ನಾನು ವೈದ್ಯರ ವರದಿಯಲ್ಲಿಯೂ ಕಂಡಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು ಹತ್ತರಿಂದ ಹನ್ನೆರಡು ಲಕ್ಷ ಎಳೆಗಳಿರುತ್ತವೆ. ಕಣ್ಣಿನ ಗೂಡಿನೊಳಗೆ ಆ ನರ ಸ್ವಲ್ಪ ಸಡಿಲಾಗಿ ಬಳುಕಿಕೊಂಡಿರುವುದರಿಂದ ಕಣ್ಣು ಅತ್ತಿತ್ತ ಹೊರಳಿದರೂ ಅದಕ್ಕೆ ಎಳೆತ ತಾಗುವುದಿಲ್ಲ. ಆದರೆ ಗೂಡಿನ ಹಿಂದೆ, ಒಂದು ಸೆಂಟಿಮೀಟರಿನಷ್ಟು ಉದ್ದದ ಎಲುಬಿನ ಕಿರುದಾರಿಯೊಳಗೆ ಹಾಯುವಾಗ ಅದರ ಹೊದಿಕೆ ಎಲುಬಿಗೇ ಅಂಟಿಕೊಂಡಿರುತ್ತದೆ. ಹಣೆ ಅಥವಾ ಹುಬ್ಬಿನ ಮೇಲೆ ಬಿದ್ದ ಹೊಡೆತದ ರಭಸ ಎಲುಬಿನ ಮೂಲಕವೇ ಹರಿದು ಆ ಇಕ್ಕಟ್ಟಿನ ಜಾಗಕ್ಕೆ ಮುಟ್ಟಿದಾಗ ಎಳೆಗಳು ಕತ್ತರಿಸಿ ಹೋಗುತ್ತವೆ, ಇಲ್ಲವೇ ನರ ಬಾತುಕೊಂಡು, ಹಿಗ್ಗಲು ಎಡೆಯಿಲ್ಲದೆ, ತನ್ನ ರಕ್ತದ ಪೂರೈಕೆಯನ್ನು ತಾನೇ ಒತ್ತಿಹಿಡಿಯುತ್ತದೆ. ಚೂರಿಯೋ ಎಲುಬಿನ ಚಕ್ಕೆಯೋ ನರಕ್ಕೆ ನೇರವಾಗಿ ಚುಚ್ಚಿದರೆ ಅದು ಬೇರೆ ಬಗೆ. ಹೆಚ್ಚಾಗಿ ಕಾಣಸಿಗುವುದು ಮೊದಲಿನದೇ.

ಇನ್ನು ಪದಗಳು. ‘ಆಘಾತ’ಕ್ಕೆ ಹೊಡೆತ ಎಂಬ ಅರ್ಥ ಇದ್ದೇ ಇದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ‘ಕಾರಿ’ ಸೇರಿದೊಡನೆ ಅದು ವರದಿಗಾರರ ಸೊತ್ತಾಗುತ್ತದೆ. ‘ಆಘಾತಕಾರಿ ಸುದ್ದಿ’ ಎಂದು ದಿನವೂ ಓದುವವನಿಗೆ ‘ಆಘಾತಕಾರಿ ನರರೋಗ’ ಎಂದರೆ ಕೇಳಿದವರ ಎದೆ ಒಡೆಯುವಂಥ ರೋಗ ಎಂದು ತೋರುತ್ತದೆಯೇ ಹೊರತು, ಏಟಿನಿಂದ ಉಂಟಾದದ್ದು ಎಂದಲ್ಲ. ‘ಹೃದಯಾಘಾತ’ದಲ್ಲಂತೂ ಹೊರಗಿನ ಹೊಡೆತವೇ ಇಲ್ಲ. ‘ಆಘಾತಜನ್ಯ’ ಎಂದರೆ ಅರ್ಥದ ತೊಡಕು ಅರ್ಧ ನೀಗುತ್ತದೆ, ಓದುವ ತೊಡಕು ಉಳಿಯುತ್ತದೆ.

‘ನರರೋಗ’ದ ತೊಡಕು ಇದಕ್ಕಿಂತ ದೊಡ್ಡದು. ಬಿದ್ದು ಕಾಲು ಮುರಿದುಕೊಂಡವನಿಗೆ ರೋಗ ಬಂದಿದೆಯೆಂದು ಕನ್ನಡಿಗರು ಯಾರೂ ಹೇಳುವುದಿಲ್ಲ. ರೋಗ ಒಳಗಿನಿಂದ ಬರುವಂಥದು, ಗಾಯ ಹೊರಗಿನಿಂದ ಆಗುವಂಥದು. ಪರಿಹಾರದ ಪ್ರಕರಣದಲ್ಲಿ ಇದು ಬರಿಯ ಭಾಷೆಯ ಸೂಕ್ಷ್ಮವಾಗಿ ಉಳಿಯುವುದಿಲ್ಲ. ಪ್ರಮಾಣಪತ್ರದಲ್ಲಿ ‘ರೋಗ’ ಎಂದಿದ್ದರೆ, ಅದು ಅಪಘಾತಕ್ಕೂ ಮುಂಚೆ ಇದ್ದಿತೆಂದು ಎದುರಿನ ವಕೀಲರು ವಾದಿಸಲು ನಾವೇ ಬಾಗಿಲು ತೆರೆದುಕೊಟ್ಟಂತಾಗುತ್ತದೆ. ಆದ್ದರಿಂದ ‘ಹಾನಿ’ ಎನ್ನುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

‘ನರ’ ನಮ್ಮ ಹಳೆಯ ದ್ರಾವಿಡ ಪದ, ತಮಿಳಿನ ‘ನರಂಬು’, ತೆಲುಗಿನ ‘ನರಮು’ಗಳ ಬಳಗದ್ದು, ಮನುಷ್ಯ ಎಂಬ ಅರ್ಥದ ಸಂಸ್ಕೃತ ‘ನರ’ನಿಗೂ ಇದಕ್ಕೂ ನಂಟಿಲ್ಲ. ಹಾಗಾಗಿ ‘ದೃಷ್ಟಿನರ’ ಎಂಬುದು ಅರಿಸಮಾಸ ಎಂದು ಹುಬ್ಬೇರಿಸುವವರು ಇರಬಹುದು, ನನಗೆ ಅದರಿಂದ ಅಡ್ಡಿಯಿಲ್ಲ. ನಿಜವಾದ ಗೊಂದಲವೆಂದರೆ ಆಡುಮಾತಿನ ‘ನರ’ಕ್ಕೆ ರಕ್ತನಾಳವೂ ಸೇರುತ್ತದೆ: ಸಲಾಯಿನ್ ಹಚ್ಚುವಾಗ ‘ನರ ಸಿಗವಲ್ದು’ ಎನ್ನುವ ನಮ್ಮ ಜನ, ‘ಕಣ್ಣಿನ ನರಕ್ಕೆ ಪೆಟ್ಟಾಗಿದೆ’ ಎಂದಾಗ ಒಳಗೆ ರಕ್ತ ಸೋರಿದೆಯೇ ಎಂದು ಕೇಳುತ್ತಾರೆ. ‘ದೃಷ್ಟಿ’ಯನ್ನು ಕುರಿತು ಮಾತ್ರ ನಮ್ಮ ಕಡೆ ಸಮಸ್ಯೆ ಕಡಿಮೆ, ಏಕೆಂದರೆ ಕೂಸಿಗೆ ತಗಲುವುದನ್ನು ನಾವು ಹೆಚ್ಚಾಗಿ ‘ನೆದರು’ ಎನ್ನುತ್ತೇವೆ.

ಅದೇ ಕಡತದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಬೆಳಕಿನ ಅರಿವೂ ಇಲ್ಲ ಎಂಬುದನ್ನು ಕಣ್ಣಿನ ವೈದ್ಯರು ‘ಪಿ.ಎಲ್. ನೆಗೆಟಿವ್’ ಎಂದು ಬರೆಯುತ್ತಾರೆ. ಕೊರೊನಾ ಕಾಲದ ನಂತರ ‘ನೆಗೆಟಿವ್’ ಎಂದರೆ ಗಂಡಾಂತರ ತಪ್ಪಿತೆಂದೇ ಮನೆಮಂದಿಗೆ ರೂಢಿಯಾಗಿದ್ದು, ಈ ಕುಟುಂಬದವರೂ ಆ ಚೀಟಿಯನ್ನು ಓದಿ ಕೆಲಹೊತ್ತು ಸಮಾಧಾನಪಟ್ಟಿದ್ದರಂತೆ. ‘ಬೆಳಕೂ ತಿಳಿಯದು’ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಹಾಗೆಯೇ, ಔಷಧ ಕೊಡದೆ ಕೆಲವು ವಾರ ಗಮನಿಸುವ ಕ್ರಮಕ್ಕೆ ಯಂತ್ರವು ‘ವೀಕ್ಷಣೆ’ ಎಂದು ಬರೆದದ್ದನ್ನು ಅವರು ಆಸ್ಪತ್ರೆಯವರ ಉದಾಸೀನವೆಂದು ತಿಳಿದರು. ಸ್ಟಿರಾಯ್ಡ್ ಕೊಡುವುದು, ಎಲುಬಿನ ದಾರಿಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಮಾಡುವುದು, ಏನೂ ಮಾಡದೆ ಬಿಡುವುದು, ಈ ಮೂರನ್ನೂ ಹೋಲಿಸಿ 1999ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಯಾವುದಕ್ಕೂ ಸ್ಪಷ್ಟವಾದ ಮೇಲುಗೈ ಕಾಣಲಿಲ್ಲ. ಕೆಲವರಲ್ಲಿ ದೃಷ್ಟಿ ತಾನಾಗಿಯೇ ಅಷ್ಟಿಷ್ಟು ಮರಳುವುದೂ ಉಂಟು. ‘ಕಾದು ನೋಡುವುದು’ ಎಂಬ ನಮ್ಮ ಮಾತಿನಲ್ಲಿ ಇದೆಲ್ಲವೂ ಅಡಗಿದೆ.

‘ಅಂಧತ್ವ’ವನ್ನು ಇಲ್ಲಿ ಬಳಸಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಧತ್ವವನ್ನು ಅಳೆಯುವುದು ಹೆಚ್ಚು ಚೆನ್ನಾಗಿ ಕಾಣುವ ಕಣ್ಣಿನಿಂದ, ಅದರ ದೃಷ್ಟಿ 3/60ಕ್ಕಿಂತ (ಅಂದರೆ, ಸರಿಯಾದ ಕಣ್ಣು ಅರವತ್ತು ಮೀಟರಿನಿಂದ ಗುರುತಿಸುವುದನ್ನು ಮೂರು ಮೀಟರಿನಿಂದ ಮಾತ್ರ ಗುರುತಿಸುವುದಕ್ಕಿಂತ) ಕಡಿಮೆಯಿದ್ದರೆ ಎಂಬ ಲೆಕ್ಕದಲ್ಲಿ. ಒಂದೇ ಕಣ್ಣು ಹೋದವನಿಗೆ ‘ಒಂದು ಕಣ್ಣಿನ ದೃಷ್ಟಿನಾಶ’ ಎಂದೇ ಬರೆಯಬೇಕು. ‘ಒಕ್ಕಣ್ಣ’ ಎಂಬ ಬೈಗುಳದ ನೆರಳಿನ ಪದ ಯಾರಿಗೂ ಬೇಡ.

ನಾನು ಸೂಚಿಸಬಯಸುವ ಪದ ‘ಒಳಪೆಟ್ಟು’. ಈ ಭಾಗದ ಪೊಲೀಸ್ ದೂರುಗಳಲ್ಲಿ ‘ಸಾದಾ ವ ಭಾರೀ ಗಾಯಪೆಟ್ಟು’, ‘ರಕ್ತಗಾಯ’, ‘ಒಳಪೆಟ್ಟು’ ಎಂಬ ಪದಗಳು ಬಹುಕಾಲದಿಂದ ನೆಲೆನಿಂತಿವೆ. ಕಲಬುರಗಿ ಕಡೆಯ ಕಾಗದಗಳಲ್ಲಿ ‘ಗುಪ್ತಪೆಟ್ಟು’ ಎಂದಿರುತ್ತದೆ. ಎರಡೂ ಬಗೆಗೆ ಒಟ್ಟಾಗಿ ‘ಪೆಟ್ಟಿನಿಂದಾದ ದೃಷ್ಟಿನರ ಹಾನಿ’, ಎಲುಬಿನ ಮೂಲಕ ತಾಗಿದ ಬಗೆಗೆ ‘ದೃಷ್ಟಿನರದ ಒಳಪೆಟ್ಟು’ ಎಂದು ನಾನು ಸದ್ಯಕ್ಕೆ ಬರೆದಿದ್ದೇನೆ. ಪಠ್ಯಪುಸ್ತಕದ ಕ್ರಮದಲ್ಲಿ ‘ಪರೋಕ್ಷ ಹಾನಿ’ ಎನ್ನಬಹುದಿತ್ತು. ‘ಪರೋಕ್ಷ’ದ ಮೂಲಾರ್ಥ ಕಣ್ಣಿನ ಆಚೆಗಿನದು ಎಂದಲ್ಲವೇ? ಪೆಟ್ಟು ತಗಲಿದ್ದು ಕಣ್ಣಿನ ಆಚೆಗೇ, ಮೊದಲ ಕೆಲವು ವಾರ ವೈದ್ಯರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರೂ ನರದ ತುದಿ ಬಿಳಿಚಿಕೊಂಡಿರುವುದಿಲ್ಲ, ಪಾಪೆ ಬೆಳಕಿಗೆ ಸರಿಯಾಗಿ ಕಿರಿದಾಗದಿರುವುದೊಂದೇ ಸುಳಿವು. ಪದ ಇಷ್ಟು ಚೆನ್ನಾಗಿ ಹೊಂದಿದರೂ, ಇಂದಿನ ಓದುಗನಿಗೆ ‘ಪರೋಕ್ಷ’ ಎಂದರೆ ಸುತ್ತುಬಳಸಿನದು, ಆದ್ದರಿಂದ ಅಷ್ಟೇನೂ ಗಂಭೀರವಲ್ಲದ್ದು ಎಂಬ ಧ್ವನಿ ಬಂದುಬಿಡುತ್ತದೆಂದು ಹಿಂಜರಿದೆ.

ನನ್ನ ಪ್ರಶ್ನೆ ಇದು. ‘ಒಳಪೆಟ್ಟು’ ಎಂದರೆ ಮೈಸೂರು, ಮಂಗಳೂರು ಕಡೆಯವರಿಗೂ ಎಲುಬು-ನರಗಳಿಗೆ ತಾಗಿದ, ಮೇಲೆ ಗುರುತಿಲ್ಲದ ಏಟೆಂದೇ ಅರ್ಥವಾಗುತ್ತದೆಯೇ, ಅಥವಾ ಕಾವು ಕೊಟ್ಟರೆ ಇಳಿಯುವ ಸಣ್ಣ ನೋವೆಂದೇ? ಎರಡನೆಯದಾದರೆ ಹೈಕೋರ್ಟಿನವರೆಗೆ ಹೋಗಬಹುದಾದ ಕಾಗದದಲ್ಲಿ ಅದನ್ನು ಉಳಿಸಿಕೊಳ್ಳಲು ನನಗೆ ಧೈರ್ಯವಿಲ್ಲ; ಆಗ ‘ಗುಪ್ತಪೆಟ್ಟು’ ವಾಸಿಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.