ನಿಂಬೆ ಚಿಗುರು ಮುದುಡಿದೆ, ಕಾಯಿ ಮೇಲೆ ಕಜ್ಜಿ: ಎರಡೂ ಒಂದೇ ರೋಗವೇ?

ಪ್ರಶ್ನೆ: ಹಿತ್ತಲಲ್ಲಿ ಮೂರು ವರ್ಷದ ನಿಂಬೆ ಗಿಡ. ಚಿಗುರೆಲೆ ಮುದುಡಿ, ಮೇಲೆ ಬೆಳ್ಳಿಯಂಥ ಸುತ್ತುಗೆರೆ. ಬಲಿತ ಎಲೆ, ಕಾಯಿಗಳಲ್ಲಿ ಒರಟು ಕಂದು ಚುಕ್ಕೆ. ಮದ್ದು ಯಾವುದು?

ಉತ್ತರ 1: ರೋಗ ಎರಡಲ್ಲ, ಒಂದು ಹುಳು, ಒಂದು ರೋಗ. ಗೆರೆ, ಎಲೆಯೊಳಗೆ ಕೊರೆಯುತ್ತಾ ಸಾಗುವ ರಂಗೋಲಿ ಹುಳುವಿನದು; ಒರಟು ಚುಕ್ಕೆ ಕಜ್ಜಿ ರೋಗದ್ದು. ಅದು ಕೊರೆದ ಗಾಯದಿಂದ ಕಜ್ಜಿ ರೋಗದ ಬ್ಯಾಕ್ಟೀರಿಯಾ ಸಲೀಸಾಗಿ ಒಳನುಗ್ಗುತ್ತದೆ, ಹಾಗಾಗಿ ಮೊದಲು ಹುಳು ತಡೆಯಿರಿ. ಚಿಗುರು ಒಂದಿಂಚು ಇರುವಾಗಲೇ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಸೋಪಿನ ದ್ರಾವಣ ಬೆರೆಸಿ, ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮುದುಡಿದ ಮೇಲೆ ಹೊಡೆದರೆ ಒಳಗಿನ ಹುಳುವಿಗೆ ತಗಲುವುದೇ ಕಷ್ಟ.

ಉತ್ತರ 2: ಕಜ್ಜಿ ತಗುಲಿದ ರೆಂಬೆಗಳನ್ನು ಒಣಹವೆಯಲ್ಲಿ ಕತ್ತರಿಸಿ ಸುಡಿ, ಮಳೆ ಹನಿಯೇ ಅದನ್ನು ಹರಡುವುದು. ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಬಳಿಕ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಪುಡಿ ಮದ್ದು) ಬೆರೆಸಿ ಸಿಂಪಡಿಸಿ. ಬೇವಿನೆಣ್ಣೆ ಜೊತೆ ಬೆರೆಸಬೇಡಿ. ಈಗಾಗಲೇ ಚುಕ್ಕೆಯಾದ ಕಾಯಿ ನಯವಾಗದು, ರಸಕ್ಕೆ ತೊಂದರೆಯಿಲ್ಲ.

ಉತ್ತರ 3: ಯೂರಿಯಾ ಹಾಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಎಳೆ ಚಿಗುರು ಒಂದೇ ಸಮನೆ ಬಂದಷ್ಟೂ ಹುಳುವಿಗೆ ಹಬ್ಬ. ಎಲೆಗೆ ನೀರು ಹನಿಸದೆ ಬುಡಕ್ಕೆ ಕೊಡಿ, ಆದರೆ ಕಾಂಡಕ್ಕೆ ತಾಗಿ ನಿಲ್ಲಬಾರದು, ಅಂಟು ಸೋರುವ ರೋಗ ಶುರುವಾಗುವುದು ಅಲ್ಲಿಂದಲೇ.