ಗಡಿಯಾರದ ‘ಕಾಂಪ್ಲಿಕೇಶನ್’ಗೆ ಕನ್ನಡ ಪದ ಬೇಕು (ನಾಳೆ ಬೆಳಿಗ್ಗೆ ಮುದ್ರಣ)

ವಿಜಯನಗರದಿಂದ:

ಹಿರಿಯರಿಗೆ ನಮಸ್ಕಾರ. ವಿಟ್ಠಲ ಮಲ್ಯ ರಸ್ತೆಯ ಕೈಗಡಿಯಾರದ ಮಳಿಗೆಯೊಂದಕ್ಕೆ ಫಲಕ ಮತ್ತು ವಿವರಣೆಯ ಕಾರ್ಡುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯಿಂದಾಗಿ ಬಂದ ಕೆಲಸವಿದು. ಕಾಟಾಚಾರಕ್ಕೆ ಮಾಡಿ ಮುಗಿಸಲು ನನಗೆ ಮನಸ್ಸಿಲ್ಲ. ಗಂಟೆ, ನಿಮಿಷ, ಸೆಕೆಂಡು ತೋರಿಸುವುದರ ಆಚೆಗೆ ಯಂತ್ರ ಮಾಡುವ ಪ್ರತಿಯೊಂದು ಕೆಲಸವನ್ನೂ ಗಡಿಯಾರದವರು ‘ಕಾಂಪ್ಲಿಕೇಶನ್’ ಎನ್ನುತ್ತಾರೆ. ತಾರೀಕು, ಚಂದ್ರನ ಕಲೆ, ಅಂಚಿನ ಕೀಲು ಸರಿಸಿದರೆ ವೇಳೆಯನ್ನು ಬಾರಿಸಿ ಹೇಳುವುದು, ಎಲ್ಲವೂ ಅದೇ. ಇಂಥವು ಹಲವು ಸೇರಿದರೆ ‘ಗ್ರ್ಯಾಂಡ್ ಕಾಂಪ್ಲಿಕೇಶನ್’. ಎರಡಕ್ಕೂ ಪದ ಬೇಕು. ‘ಈ ಗಡಿಯಾರದಲ್ಲಿ ನಾಲ್ಕು … ಇವೆ’ ಎಂಬ ವಾಕ್ಯದಲ್ಲಿ ಅದು ಕೂಡಬೇಕು: ಶಾಶ್ವತ ಕ್ಯಾಲೆಂಡರ್, ಚಂದ್ರಕಲೆ, ನಿಮಿಷ ಬಾರಿಸುವ ವ್ಯವಸ್ಥೆ, ಟೂರ್ಬಿಯೋಂ. ನಾಳೆ ಹತ್ತು ಗಂಟೆಗೆ ಮುದ್ರಣಾಲಯಕ್ಕೆ ಹೋಗಬೇಕು.

ಮಲ್ಲೇಶ್ವರದಿಂದ:

ಸಂಕೀರ್ಣತೆ. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ?

ರಾಜಾಜಿನಗರದಿಂದ:

ಭಾವನಾಮವನ್ನು ಎಣಿಸಲಾಗದು. ‘ನಾಲ್ಕು ಸಂಕೀರ್ಣತೆಗಳು’ ಕನ್ನಡವಲ್ಲ. ‘ತೆ’ ಕಳೆದು ‘ನಾಲ್ಕು ಸಂಕೀರ್ಣ’ ಎಂದರೆ ಈ ಊರಿನ ಓದುಗರಿಗೆ ಹೊಳೆಯುವುದು ವಾಣಿಜ್ಯ ಸಂಕೀರ್ಣ.

ಮಲ್ಲೇಶ್ವರದಿಂದ:

ತಾಳ ಬಲ್ಲವರಿಗೆ ಸಂಕೀರ್ಣ ಜಾತಿಯ ಒಂಬತ್ತು ಅಕ್ಷರ ಹೊಳೆಯುತ್ತದೆ. ಪದದ ಬಡತನ ಓದುಗರದು.

ಬಸವನಗುಡಿಯಿಂದ:

ಸಂಸ್ಕೃತದ ಮೊರೆಹೋಗುವ ಮೊದಲು ಮನೆಯ ಪದವನ್ನು ನೋಡೋಣ. ‘ಕುಸುರಿ’ ಎಂದರೆ ಸಾಕು. ಸೂಕ್ಷ್ಮ, ತಾಳ್ಮೆ, ಕೈಚಳಕ ಮೂರೂ ಅದರೊಳಗಿವೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವ ಮನೆಯವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ‘ಗ್ರ್ಯಾಂಡ್’ ಎಂಬುದಕ್ಕೆ ದಯವಿಟ್ಟು ‘ಮಹಾಕುಸುರಿ’ ಎನ್ನಬೇಡಿ, ಅರಿಸಮಾಸ. ಹೆಬ್ಬಾಗಿಲು, ಹೆದ್ದಾರಿ, ಹೆಗ್ಗುರುತು ಇರುವಾಗ ‘ಹೆಗ್ಗುಸುರಿ’ ತಾನಾಗಿಯೇ ಆಗುತ್ತದೆ. ಹೆದ್ದಾರಿಯನ್ನು ಸರಕಾರಿ ಫಲಕಗಳೇ ಬಳಸುತ್ತಿವೆ.

ಜಾಲಹಳ್ಳಿಯಿಂದ:

ನಾನು ಗಡಿಯಾರ ಜೋಡಿಸಿ ದುಡಿದವನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಇಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಬಂದ ‘ಜನತಾ’ ಗಂಟೆ, ನಿಮಿಷ, ಸೆಕೆಂಡು ಮಾತ್ರ ತೋರಿಸುತ್ತಿತ್ತು. ದಿನವೂ ಕೀ ಕೊಟ್ಟರೆ ಮುಗಿಯಿತು. ನೀವು ಹೇಳುವ ಗಡಿಯಾರಗಳಲ್ಲಿಯೂ ಬ್ಯಾಟರಿ ಇಲ್ಲ. ಇರುವುದು ಅದೇ ಸ್ಪ್ರಿಂಗು, ಅದೇ ಹಲ್ಲುಚಕ್ರ. ಅಷ್ಟರಲ್ಲಿಯೇ ಎಷ್ಟನ್ನು ಮಾಡಿಸಬಹುದು ಎಂಬುದಕ್ಕೆ ಜನ ಮರುಳಾಗುತ್ತಾರೆ. ಇದನ್ನು ಬಿಟ್ಟು ಪದ ಹುಡುಕಿದರೆ ಸಿಗುವುದಿಲ್ಲ.

ಮೊದಲು ‘ಕುಸುರಿ’. ಕುಸುರಿ ಕಣ್ಣಿಗೆ ಕಾಣುವ ಮೇಲ್ಮೈಯ ಕೆಲಸ. ಇಂಥ ಮಳಿಗೆಗಳಲ್ಲಿ ಡಯಲ್ ಮೇಲೆ ಕೈಯಿಂದ ಕೆತ್ತಿದ, ಎನಾಮೆಲ್ ತುಂಬಿದ ಗಡಿಯಾರಗಳೂ ಇರುತ್ತವೆ. ಆ ಕಾರ್ಡಿಗೆ ಕುಸುರಿ ಬೇಕೇ ಬೇಕು. ಇಲ್ಲಿ ಅದನ್ನು ಖರ್ಚು ಮಾಡಿದರೆ ಅಲ್ಲಿಗೆ ಏನು ಬರೆಯುತ್ತೀರಿ? ಕಾಂಪ್ಲಿಕೇಶನ್ ಡಯಲ್‌ನ ಕೆಳಗೆ ನಡೆಯುವ ಕೆಲಸ. ಡಯಲ್ ಎಷ್ಟೋ ಸಲ ಬೋಳಾಗಿಯೇ ಇರುತ್ತದೆ.

ನನ್ನ ಮತ ‘ತೊಡಕು’. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ತಿಂಗಳಿಗೆ ಮೂವತ್ತು, ಮೂವತ್ತೊಂದು, ಇಪ್ಪತ್ತೆಂಟು, ಒಮ್ಮೊಮ್ಮೆ ಇಪ್ಪತ್ತೊಂಬತ್ತು ದಿನ. ಇದನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಒಂದು ಪುಟ್ಟ ಚಕ್ರ ನಾಲ್ಕು ವರ್ಷಕ್ಕೆ ಒಂದೇ ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ 48 ತಿಂಗಳಿಗೂ ಜಾಗವಿದೆ. ಮೂವತ್ತು ದಿನದ ತಿಂಗಳಿಗೆ ತೆಳು ಕಚ್ಚು, ಫೆಬ್ರವರಿಗೆ ಆಳದ ಕಚ್ಚು, ಅಧಿಕ ವರ್ಷದ ಫೆಬ್ರವರಿಗೆ ಅದಕ್ಕಿಂತ ತುಸು ಕಡಿಮೆ ಆಳ. ಒಂದು ಸನ್ನೆಯ ಮೂತಿ ಆ ಕಚ್ಚಿಗೆ ಇಳಿದು, ತಿಂಗಳ ಕೊನೆಗೆ ಎಷ್ಟು ದಿನ ಹಾರಿಸಬೇಕೆಂದು ತಿಳಿದುಕೊಳ್ಳುತ್ತದೆ. ಆದರೂ 2100ರಲ್ಲಿ ಅದು ತಪ್ಪುತ್ತದೆ, ಏಕೆಂದರೆ 2100 ಅಧಿಕ ವರ್ಷವಲ್ಲ. ಆದ್ದರಿಂದ ‘ಶಾಶ್ವತ’ ತೆಗೆದು ‘ನಿರಂತರ’ ಎಂದು ಬರೆಯಿರಿ.

ಚಂದ್ರನದು ಇನ್ನೂ ಚೆಂದ. ಸಾಮಾನ್ಯವಾಗಿ 59 ಹಲ್ಲಿನ ತಟ್ಟೆ, ಅದರ ಮೇಲೆ ಎರಡು ಚಂದ್ರ. ಅಂದರೆ ಒಂದು ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ನಿಜವಾದ ಚಾಂದ್ರಮಾಸ ಅದಕ್ಕಿಂತ ಸುಮಾರು 44 ನಿಮಿಷ ಉದ್ದ. ಎರಡೂವರೆ ವರ್ಷ ದಾಟುವಷ್ಟರಲ್ಲಿ ತಟ್ಟೆಯ ಹುಣ್ಣಿಮೆಗೂ ಆಕಾಶದ ಹುಣ್ಣಿಮೆಗೂ ಒಂದು ದಿನದ ಅಂತರ ಬೀಳುತ್ತದೆ. 135 ಹಲ್ಲಿನ ಚಕ್ರವನ್ನು ಹೊಂದಿಸಿದರೆ ಆ ಒಂದು ದಿನದ ತಪ್ಪಿಗೆ 122 ವರ್ಷ ಬೇಕು. ನಮ್ಮ ಪಂಚಾಂಗ ಅಧಿಕಮಾಸ ಸೇರಿಸುವುದೂ ಚಂದ್ರ ಸೂರ್ಯರ ಲೆಕ್ಕ ಒಂದಕ್ಕೊಂದು ಹೊಂದದ ಕಾರಣಕ್ಕೆ ತಾನೆ? ತೊಡಕು ಇರುವುದು ಕಾಲದಲ್ಲಿ. ಅದನ್ನು ಬಿಡಿಸುವ ಹೊಣೆ ಹೊತ್ತ ಯಂತ್ರಕ್ಕೆ ಆ ಹೆಸರು ಅವಮಾನವಲ್ಲ.

ತಾರೀಕು ಬೇಕಾದರೆ ಮೊಬೈಲ್ ಇದೆ ಎನ್ನುವವರಿಗೆ ಒಂದು ಮಾತು. ಚಿತ್ರಕವಿತ್ವದಲ್ಲಿ ಚಕ್ರಬಂಧ, ಅಂದರೆ ಅಕ್ಷರಗಳು ಚಕ್ರದ ಆಕಾರದಲ್ಲಿ ಕೂಡುವ ಪದ್ಯ, ಬರೆಯುವವನು ಹೇಳುವ ಅರ್ಥವನ್ನು ನೇರ ಗದ್ಯದಲ್ಲಿಯೂ ಹೇಳಬಹುದು. ಆ ಕಟ್ಟಿನೊಳಗೆ ಹೇಳಿದ್ದರಿಂದಲೇ ನಾವು ತಲೆದೂಗುವುದು. ಜಿನೀವಾದಲ್ಲಿ 2019ರ ನವೆಂಬರಿನಲ್ಲಿ ಪಾಟೆಕ್ ಫಿಲಿಪ್ ಕಂಪನಿಯ 20 ಕಾಂಪ್ಲಿಕೇಶನ್ನಿನ ಕೈಗಡಿಯಾರವೊಂದು 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹರಾಜಾಯಿತು. ಅದರ ಕವಚ ಉಕ್ಕಿನದು, ಚಿನ್ನದ್ದೂ ಅಲ್ಲ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಗೆಂದು 1783ರಲ್ಲಿ ಗಡಿಯಾರ ತಯಾರಕ ಬ್ರೆಗೆ ಅವರಿಗೆ ಮಾಡಲು ಒಪ್ಪಿಸಿದ ಗಡಿಯಾರ ಮುಗಿದದ್ದು 1827ರಲ್ಲಿ. ಅಷ್ಟರೊಳಗೆ ರಾಣಿಯೂ ಇರಲಿಲ್ಲ, ಬ್ರೆಗೆಯೂ ಇರಲಿಲ್ಲ. ಆದರೂ ಅವರ ಕಾರ್ಯಾಗಾರ ಅದನ್ನು ಪೂರ್ತಿ ಮಾಡಿತು. ಇಂಥ ಹಟಕ್ಕೆ ‘ಸಂಕೀರ್ಣತೆ’ ಎಂಬ ಕಚೇರಿಯ ಪದ ಸಾಲದು.

ಇನ್ನೊಂದು. ಟೂರ್ಬಿಯೋಂ ಅನ್ನು ಎಣಿಕೆಗೆ ಸೇರಿಸುವ ಮೊದಲು ಯೋಚಿಸಿ. ಬ್ರೆಗೆ 1801ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು ಜೇಬುಗಡಿಯಾರ ನೆಟ್ಟಗೆ ನಿಂತಾಗ ಗುರುತ್ವದಿಂದಾಗುವ ವ್ಯತ್ಯಾಸವನ್ನು ಸರಿದೂಗಿಸಲು. ಅತ್ತಿತ್ತ ಓಲಾಡಿ ಗಡಿಯಾರದ ನಡಿಗೆಯನ್ನು ಹಿಡಿದಿಡುವ ಬ್ಯಾಲೆನ್ಸ್ ವೀಲನ್ನು ಒಂದು ಪಂಜರದಲ್ಲಿಟ್ಟು ಪಂಜರವನ್ನೇ ತಿರುಗಿಸುತ್ತಾರೆ, ಹೆಚ್ಚಾಗಿ ನಿಮಿಷಕ್ಕೊಂದು ಸುತ್ತು. ಅದು ಹೊಸದೇನನ್ನೂ ತೋರಿಸುವುದಿಲ್ಲ, ಬಾರಿಸುವುದೂ ಇಲ್ಲ. ಹಾಗಾಗಿ ಅದನ್ನು ಕಾಂಪ್ಲಿಕೇಶನ್ ಎಂದು ಒಪ್ಪದ ಗಡಿಯಾರದವರು ಇದ್ದಾರೆ. ‘ನಾಲ್ಕು’ ಎಂದು ಅಚ್ಚು ಹಾಕಿಸಿದರೆ ತಿಳಿದ ಗಿರಾಕಿ ಮೊದಲು ಅದನ್ನೇ ಕೇಳುತ್ತಾನೆ.

ರಾಜಾಜಿನಗರದಿಂದ:

‘ಈ ಗಡಿಯಾರದಲ್ಲಿ ನಾಲ್ಕು ತೊಡಕುಗಳಿವೆ’ ಎಂದು ಓದಿದವನು ರಿಪೇರಿ ಅಂಗಡಿ ಹುಡುಕುತ್ತಾನೆ. ಬೇಡ.

ಕೆಂಗೇರಿಯಿಂದ:

ಯುಗಾದಿಯ ಮರುದಿನ ಈ ಊರಿನಲ್ಲಿ ಮಾಂಸದಂಗಡಿಯ ಮುಂದೆ ಸಾಲು ನಿಲ್ಲುವವರು ಹೊಸತೊಡಕನ್ನು ಕೆಡುಕೆಂದು ತಿಳಿದಿಲ್ಲ. ತೊಡಕು ಕೆಟ್ಟದ್ದೇ ಆಗಬೇಕೆಂದು ಯಾರು ಹೇಳಿದರು? ನನ್ನ ಎಣಿಕೆಯಲ್ಲಿ ತೊಡು, ತೊಡವು, ತೊಡರು, ತೊಡಕು ಎಲ್ಲವೂ ಒಂದೇ ಬಳ್ಳಿಯವು. ಕೈಗೆ ತೊಡುವ ಒಡವೆಗೆ ಇದಕ್ಕಿಂತ ಹತ್ತಿರದ ಪದ ಎಲ್ಲಿದೆ?

ಬಸವನಗುಡಿಯಿಂದ:

ಹೊಸತೊಡಕಿನ ತೊಡಕು ‘ತೊಡಗು’ ಎಂಬುದರಿಂದ ಬಂದದ್ದು, ಆರಂಭ ಎಂಬ ಅರ್ಥದ್ದು. ಗಂಟಿಗೂ ಅದಕ್ಕೂ ನಂಟು ಕಟ್ಟಬೇಡಿ. ಧ್ವನಿ ಹೋಲಿದ್ದನ್ನೆಲ್ಲ ಒಂದು ಬುಡಕ್ಕೆ ಕಟ್ಟುವುದು ನಿರುಕ್ತಿಯಲ್ಲ.

ಮಲ್ಲೇಶ್ವರದಿಂದ:

ಇಷ್ಟು ಕಷ್ಟಪಡುವ ಬದಲು ‘ಕಾಂಪ್ಲಿಕೇಶನ್’ ಎಂದೇ ಬರೆಯಿರಿ. ಬಸ್, ಕುರ್ಚಿ, ಕಚೇರಿ ಬರಲಿಲ್ಲವೆ? ನೀವು ಕಾಪಾಡಲು ಹೊರಟಿರುವ ‘ಗಡಿಯಾರ’ವೂ ಅಚ್ಚಗನ್ನಡವಲ್ಲ, ಅದರ ಮೂಲದಲ್ಲಿ ಸಂಸ್ಕೃತದ ಘಟಿ ಇದೆ.

ಬಸವನಗುಡಿಯಿಂದ:

ಘಟಿಕೆ ಗಳಿಗೆಯಾಗಿ ನಮ್ಮ ನಾಲಿಗೆಗೆ ಒಗ್ಗಿಕೊಂಡಿತು. ‘ಒಳ್ಳೆಯ ಗಳಿಗೆ’ ಎನ್ನುವ ಅಜ್ಜಿಗೆ ಅದು ಎರವಲೆಂದು ಅನ್ನಿಸುವುದೇ ಇಲ್ಲ. ಒಗ್ಗಿಸಿಕೊಂಡದ್ದು ಬೇರೆ, ಹಾಗೆಯೇ ಎತ್ತಿ ಇಟ್ಟದ್ದು ಬೇರೆ. ಕಾನೂನು ಶೇಕಡ 60 ಕೇಳುತ್ತದೆ, ನೀವು ಅದನ್ನು ಲಿಪಿಯಲ್ಲಿ ತೀರಿಸಿ ಭಾಷೆಯನ್ನು ಹೊರಗೇ ನಿಲ್ಲಿಸುತ್ತೀರಿ. ಇದಕ್ಕೆ ನನ್ನ ವಿರೋಧವಿದೆ, ಬರೆದಿಟ್ಟುಕೊಳ್ಳಿ.

ಜಾಲಹಳ್ಳಿಯಿಂದ:

ಮೇನ್ ಸ್ಪ್ರಿಂಗಿಗೆ, ಬ್ಯಾಲೆನ್ಸ್ ವೀಲಿಗೆ ಕನ್ನಡ ಕೊಡಿ ಎಂದು ನಾವು ದುಡಿಯುವಾಗ ಯಾರೂ ಬರಲಿಲ್ಲ. ಆ ಪದಗಳು ಸಾವಿರಾರು ಕನ್ನಡಿಗರ ಬಾಯಲ್ಲಿ ಪಳಗಿದವು. ಅವನ್ನು ಎರವಲು ಎಂದು ತಳ್ಳುವ ಹಕ್ಕು ಜೋಡಣೆಯ ಮೇಜಿನ ಮುಂದೆ ಕೂತವರಿಗಷ್ಟೇ ಇದೆ.

ವಿಜಯನಗರದಿಂದ:

ಎಲ್ಲರಿಗೂ ಧನ್ಯವಾದ. ಮಳಿಗೆಯವರೊಂದಿಗೆ ಮಾತಾಡಿದೆ. ‘ನಾಲ್ಕು ತೊಡಕುಗಳು’ ಎಂಬುದನ್ನು ಅವರು ಒಪ್ಪಲಿಲ್ಲ. ಸಂಖ್ಯೆಯನ್ನೇ ಬಿಟ್ಟಿದ್ದೇನೆ. ದೊಡ್ಡ ಫಲಕದಲ್ಲಿ ‘ಕಾಂಪ್ಲಿಕೇಶನ್ ಗಡಿಯಾರಗಳು’ ಎಂದೇ ಇರುತ್ತದೆ. ಕಾರ್ಡಿನಲ್ಲಿ ಹೀಗಿದೆ:

‘ಕಾಲದ ತೊಡಕುಗಳನ್ನು ಹಲ್ಲುಚಕ್ರಗಳಲ್ಲೇ ಬಿಡಿಸುವ ಕೈಗಡಿಯಾರ. ನಿರಂತರ ಕ್ಯಾಲೆಂಡರ್, ಚಂದ್ರಕಲೆ, ಗಂಟೆ ಕಾಲುಗಂಟೆ ನಿಮಿಷಗಳನ್ನು ಬಾರಿಸಿ ಹೇಳುವ ವ್ಯವಸ್ಥೆ. ಜೊತೆಗೆ ಟೂರ್ಬಿಯೋಂ.’

‘ಜೊತೆಗೆ’ ಎಂದು ಬೇರೆ ಮಾಡಿದ್ದು ಜಾಲಹಳ್ಳಿಯವರ ಮಾತಿನಂತೆ. ಕೆತ್ತನೆಯ ಗಡಿಯಾರಗಳ ಕಾರ್ಡಿಗೆ ‘ಕುಸುರಿ’ ಹೋಯಿತು. ಗ್ರ್ಯಾಂಡ್ ಕಾಂಪ್ಲಿಕೇಶನ್ ಎಂಬ ಸಾಲನ್ನು ಮುಂದಿನ ವಾರದ ಕಾರ್ಡುಗಳಿಗೆ ಇಟ್ಟುಕೊಂಡಿದ್ದೇನೆ. ‘ಹೆದ್ದೊಡಕು’ ಎಂದು ಬರೆದರೆ ಸಂಧಿಯಲ್ಲಿ ದೋಷವಿದೆಯೇ? ಶುಕ್ರವಾರದೊಳಗೆ ತಿಳಿಸಿ.