ಮಗಳು ಏರ್‌ಫೋರ್ಸ್ ಪೈಲಟ್ ಆಗ್ತೀನಿ ಅಂತಾಳೆ, ಯುದ್ಧದ ಈ ಕಾಲದಲ್ಲಿ ಏನು ಹೇಳಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಒಳಗೆ ಒಂದು ಸಣ್ಣ ಊರು, ಎರಡು ಎಕರೆ ಅಡಿಕೆ ತೋಟ. ಮಗಳು ಮೊದಲ ಪಿಯುಸಿ, ಸೈನ್ಸ್. 2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣದ ಉದ್ಘಾಟನೆ ನೋಡಲು ಅಪ್ಪನ ಜೊತೆ ಹೋಗಿದ್ದಳು. ಅವತ್ತಿನಿಂದ ಒಂದೇ ಹಟ, ಏರ್‌ಫೋರ್ಸ್ ಪೈಲಟ್ ಆಗಬೇಕು ಅಂತ. ಆಗಿನ್ನೂ ಎಂಟನೇ ಕ್ಲಾಸು, ಮರೆಯುತ್ತಾಳೆ ಬಿಡು ಅಂದುಕೊಂಡಿದ್ದೆವು. ಮರೆಯಲಿಲ್ಲ.

ನನಗೆ ಮೂರು ಚಿಂತೆ. ಒಂದು, ಟಿವಿ ಹಾಕಿದರೆ ಯುದ್ಧ. ಉಕ್ರೇನ್, ಇಸ್ರೇಲ್, ಇರಾನ್, 2025ರಲ್ಲಿ ನಮ್ಮದೇ ಗಡಿ. ಇಂಥ ಕಾಲದಲ್ಲಿ ಹೆತ್ತವರು ಹೂಂ ಅನ್ನುವುದು ಹೇಗೆ? ಎರಡು, ಇನ್ನು ಹತ್ತು ವರ್ಷಕ್ಕೆ ಎಲ್ಲ ಡ್ರೋನೇ ಆದರೆ ಪೈಲಟ್ ಯಾರಿಗೆ ಬೇಕು? ಮೂರು, ಆಗುಂಬೆ ಘಾಟಿಯ ಮೂರನೇ ತಿರುವಿಗೇ ಇವಳಿಗೆ ವಾಂತಿ. ಇವಳು ವಿಮಾನ ಓಡಿಸುತ್ತಾಳಾ? ನಗಬೇಡಿ. ಗೊತ್ತಿದ್ದವರು ಹೇಳಿ.

ಸಾಗರದ ನಿವೃತ್ತ ಏರ್‌ಮನ್

ವಾಂತಿಯಿಂದಲೇ ಶುರು ಮಾಡ್ತೀನಿ ತಂಗಿ, ಮೂರರಲ್ಲಿ ಅದೇ ಸುಲಭದ್ದು. ಘಾಟಿಯಲ್ಲಿ ವಾಂತಿ ಮಾಡುವವರು ಹಿಂದಿನ ಸೀಟಿನವರು. ಬಸ್ ಡ್ರೈವರ್ ವಾಂತಿ ಮಾಡಿದ್ದನ್ನು ಎಂದಾದರೂ ನೋಡಿದ್ದೀರಾ? ತಿರುವು ಬರುವುದು ಮೊದಲೇ ಗೊತ್ತಿದ್ದವನಿಗೆ ಹೊಟ್ಟೆ ತೊಳೆಸುವುದು ಕಡಿಮೆ. ಮೊದಮೊದಲ ಹಾರಾಟದಲ್ಲಿ ಕೆಡೆಟ್‌ಗಳು ವಾಂತಿ ಮಾಡಿಕೊಳ್ಳುವುದು ಮಾಮೂಲು, ಜೇಬಿನಲ್ಲಿ ಚೀಲ ಇಟ್ಟುಕೊಂಡೇ ಹತ್ತುತ್ತಾರೆ. ಹೆಚ್ಚಿನವರಿಗೆ ಹಾರ್ತಾ ಹಾರ್ತಾ ಸರಿಹೋಗುತ್ತದೆ. ಏನು ಮಾಡಿದರೂ ಹೋಗದ ಕೆಲವರು ಹಾರಾಟ ಬಿಡಬೇಕಾಗುತ್ತದೆ, ಅದೂ ಇದೆ.

ನಾನು ಪೈಲಟ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಇಪ್ಪತ್ತು ವರ್ಷ ವಿಮಾನದ ಕೆಳಗೆ ಗ್ರೀಸ್ ಮೆತ್ತಿಕೊಂಡವನು. ಕೊನೆಯ ವರ್ಷಗಳು ಬೀದರಿನಲ್ಲಿ. ಫೈಟರ್ ಪೈಲಟ್ ಆಗುವ ಹುಡುಗರು ಹಾಕ್ ಅನ್ನುವ ಜೆಟ್‌ನಲ್ಲಿ ಕಲಿಯುವುದು ಅಲ್ಲೇ. ಮೊದಲ ಪಾಠ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ, ಪಿಲಾಟಸ್ ಅನ್ನುವ ಒಂದು ಪ್ರೊಪೆಲ್ಲರಿನ ವಿಮಾನದಲ್ಲಿ. ಅಲ್ಲಿ ಹೇಗೆ ಹಾರಿಸುತ್ತಾರೆ ಅನ್ನುವುದನ್ನು ನೋಡಿ ದಾರಿ ಮೂರಾಗುತ್ತದೆ. ಫೈಟರ್‌ಗೆ ಬೀದರ್, ಹೆಲಿಕಾಪ್ಟರ್‌ಗೆ ಹಕೀಂಪೇಟ್, ಸಾಗಣೆ ವಿಮಾನಕ್ಕೆ ಯಲಹಂಕ. 'ಫೈಟರೇ ಬೇಕು' ಅಂತ ಮಗಳು ಈಗ ಹೇಳಬಹುದು. ಅಲ್ಲಿ ಅದು ಅವಳ ಕೈಯಲ್ಲಿ ಮಾತ್ರ ಇರುವುದಿಲ್ಲ.

ಒಂದು ದೃಶ್ಯ ಹೇಳ್ತೀನಿ. ಹಾಕ್‌ನಲ್ಲಿ ಪೈಲಟ್ ಕೂರುವ ಸೀಟೇ ಒಂದು ಸಿಡಿಮದ್ದು. ಆಪತ್ತಿಗೆ ಹಿಡಿ ಎಳೆದರೆ ಸೀಟು ಸಮೇತ ಮೇಲಕ್ಕೆ ಎಸೆಯುತ್ತದೆ. ನೆಲದ ಮೇಲಿರುವಾಗ ಅದು ಸಿಡಿಯದ ಹಾಗೆ ಸೇಫ್ಟಿ ಪಿನ್ ಹಾಕಿರುತ್ತಾರೆ, ಕೆಂಪು ಪಟ್ಟಿ ಕಟ್ಟಿದ ಪಿನ್. ಹೊರಡುವ ಮುಂಚೆ ಪಿನ್ ತೆಗೆದಿದೆಯಾ, ತೆಗೆದದ್ದನ್ನು ಇಡುವ ಜಾಗದಲ್ಲಿ ಇಟ್ಟಿದೆಯಾ ಅಂತ ಕಣ್ಣಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ನೋಡಿದಳು, ಮತ್ತೆ ನೋಡಿದಳು, ಹೆಲ್ಮೆಟ್ ಸರಿಮಾಡಿಕೊಂಡು ಮೂರನೇ ಸಲ ನೋಡಿದಳು. ಹಿಂದೆ ಕೂತ ಮೇಷ್ಟ್ರು ಏನೂ ಅನ್ನಲಿಲ್ಲ, ಕಾದರು. ನನಗೆ ಆ ಹುಡುಗಿಯ ಮೇಲೆ ಅವತ್ತೇ ನಂಬಿಕೆ ಬಂತು. ಒಂದು ಗಂಟೆ ಹಾರಿ ಬಂದು ಎರಡು ಗಂಟೆ ಕೋಣೆಯಲ್ಲಿ ಕೂತು ಎಲ್ಲಿ ತಪ್ಪಿದೆ ಅಂತ ಬೈಸಿಕೊಳ್ಳುವ ಕೆಲಸ ಇದು. ರಾತ್ರಿ ಹಾಸ್ಟೆಲಿನಲ್ಲಿ ಕುರ್ಚಿ ಮೇಲೆ ಕೂತು, ಕಣ್ಣು ಮುಚ್ಚಿ, ಗಾಳಿಯಲ್ಲೇ ಸ್ವಿಚ್ ಹಾಕ್ತಾ ಮಾರನೇ ದಿನದ ಹಾರಾಟ ಬಾಯಿಪಾಠ ಮಾಡ್ತಾರೆ. ಅದಕ್ಕೆ ಚೇರ್ ಫ್ಲೈಯಿಂಗ್ ಅಂತಲೇ ಹೆಸರು. ಸಿನಿಮಾದಲ್ಲಿ ಇದನ್ನೆಲ್ಲ ತೋರಿಸಲ್ಲ.

ಈಗ ಯುದ್ಧ. ಸುಳ್ಳು ಸಮಾಧಾನ ಹೇಳಲ್ಲ. 2025ರ ಮೇ 7ರಿಂದ 10ರವರೆಗಿನ ಆಪರೇಷನ್ ಸಿಂಧೂರದಲ್ಲಿ ನಮ್ಮ ಕಡೆಯೂ ವಿಮಾನ ಕಳೆದುಕೊಂಡಿದ್ದನ್ನು ಆಮೇಲೆ ಸೇನೆಯ ಹಿರಿಯರೇ ಒಪ್ಪಿಕೊಂಡರು. ಪೈಲಟ್‌ಗಳೆಲ್ಲ ವಾಪಸ್ ಬಂದಿದ್ದಾರೆ ಅಂತಲೂ ವಾಯುಪಡೆ ಹೇಳಿತು. ಆದರೆ ತಾಯಿಯಾಗಿ ನೀವು ಅಂಜಬೇಕಾದ್ದು ಯುದ್ಧದ ದಿನಗಳಿಗಿಂತ ಮಾಮೂಲಿ ದಿನಗಳಿಗೆ. ಅದೇ 2025ರಲ್ಲಿ ಮೂರು ಜಾಗ್ವಾರ್ ವಿಮಾನ ಬಿದ್ದವು, ಮೂವರು ಪೈಲಟ್‌ಗಳು ಹೋದರು. ಯಾವುದೂ ಯುದ್ಧದಲ್ಲಿ ಅಲ್ಲ. 2023ರ ಜನವರಿಯಲ್ಲಿ ಎರಡು ಫೈಟರ್‌ಗಳು ತಾಲೀಮಿನಲ್ಲಿದ್ದಾಗ ಬಿದ್ದು ತೀರಿಕೊಂಡ ಪೈಲಟ್ ನಮ್ಮ ಬೆಳಗಾವಿಯವರು. ಇದನ್ನು ಮಗಳ ಎದುರು ಕೂತು ಮಾತಾಡಿ. ಅವಳಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ, ಈಗಿನ ಮಕ್ಕಳು ಎಲ್ಲ ಓದಿರ್ತಾರೆ.

ಇನ್ನು ಡ್ರೋನ್. 2025ರ ಜೂನ್ 1ರಂದು ಉಕ್ರೇನಿನವರು ಲಾರಿಯಲ್ಲಿ ಬಚ್ಚಿಟ್ಟು ಒಯ್ದ ಡ್ರೋನ್‌ಗಳಿಂದ ರಷ್ಯಾದ ದೊಡ್ಡ ಬಾಂಬರ್‌ಗಳನ್ನು ನಿಂತಲ್ಲೇ ಸುಟ್ಟರು. ನೋಡಿ ನನಗೂ ಎದೆ ಝಲ್ ಅಂತು, ವಿಮಾನ ನಿಲ್ಲಿಸುವ ಕೆಲಸ ಮಾಡಿದವನಲ್ವಾ. ಆದರೂ ಪೈಲಟ್ ಬೇಡ ಅನ್ನುವ ಕಾಲ ಅಷ್ಟು ಬೇಗ ಬರಲ್ಲ. ನಮಗೆ ಫೈಟರ್ ವಿಮಾನಗಳ 42 ತುಕಡಿ, ಅಂದರೆ ಸ್ಕ್ವಾಡ್ರನ್, ಬೇಕು ಅಂತ ಲೆಕ್ಕ. 2025ರ ಸೆಪ್ಟೆಂಬರ್ 26ಕ್ಕೆ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಅದರ ಹಿಂದಿನ ದಿನವೇ ನಮ್ಮಲ್ಲೇ ಮಾಡುವ ತೇಜಸ್ ಫೈಟರ್ ಇನ್ನೂ 97 ಕೊಳ್ಳಲು ಸಹಿ ಬಿತ್ತು. ಅವು ಬಂದಾಗ ಕೂರಲು ಜನ ಬೇಕಲ್ಲ. ಡ್ರೋನ್ ನಡೆಸುವವರಿಗೂ 2022ರಲ್ಲಿ ವಾಯುಪಡೆಯಲ್ಲಿ ವೆಪನ್ ಸಿಸ್ಟಮ್ಸ್ ಅಂತ ಹೊಸ ಶಾಖೆ ಮಾಡಿದ್ದಾರೆ.

ಭದ್ರಾವತಿಯಿಂದ ಒಬ್ಬರು

ಸುಮ್ನೆ ಇಂಜಿನಿಯರಿಂಗ್ ಮಾಡಿಸಿ. ಹೆಣ್ಣು ಮಗಳು, ಯಾಕೆ ಬೇಕು ಈ ಉಸಾಬರಿ.

ಶಿವಮೊಗ್ಗದ ಹುಡುಗ

ಇಂಜಿನಿಯರಿಂಗ್ ಮಾಡಿದವನು ನಾನು ಇದ್ದೀನಿ ಸರ್, ಅದರಲ್ಲೂ ಉಸಾಬರಿ ಕಡಿಮೆ ಏನಿಲ್ಲ. ಅಕ್ಕ, ನಿಮಗೆ ಬರೀತಿದ್ದೀನಿ. ನಾನು ಡಿಗ್ರಿ ಆದಮೇಲೆ ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಎಎಫ್‌ಕ್ಯಾಟ್ ಪರೀಕ್ಷೆ ಬರೆದು ಮೈಸೂರಿನ ಸೆಲೆಕ್ಷನ್ ಬೋರ್ಡ್‌ವರೆಗೆ ಹೋಗಿ ಬಂದವನು. ಪೈಲಟ್ ಆಗಲಿಲ್ಲ.

ಅಲ್ಲಿ ಐದು ದಿನ. ನನ್ನ ಬ್ಯಾಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೊದಲ ದಿನ ಮಧ್ಯಾಹ್ನವೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಉಳಿದವರಿಗೆ ಮನಸ್ಸಿನ ಪರೀಕ್ಷೆ. ಪರದೆ ಮೇಲೆ ಒಂದು ಇಂಗ್ಲಿಷ್ ಪದ ಬರುತ್ತದೆ, ಹದಿನೈದು ಸೆಕೆಂಡಿನಲ್ಲಿ ತೋಚಿದ್ದು ಬರೆಯಬೇಕು. ಹೀಗೆ ಅರವತ್ತು ಪದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು. ಪದ ನೋಡಿ, ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಮುಂದಿನ ಪದ. ಮೊದಲ ಇಪ್ಪತ್ತರಲ್ಲಿ ಏಳೆಂಟು ಖಾಲಿ ಬಿಟ್ಟೆ. ಆಮೇಲೆ ವ್ಯಾಕರಣ ಹಾಳಾಗಲಿ ಅಂತ ಮುರುಕು ಇಂಗ್ಲಿಷಿನಲ್ಲೇ ಗೀಚಿದೆ. ಪಾಸಾದೆ! ಅವರಿಗೆ ಬೇಕಿದ್ದದ್ದು ಚಂದದ ಇಂಗ್ಲಿಷ್ ಅಲ್ಲ ಅನ್ನಿಸುತ್ತದೆ.

ಬಿದ್ದದ್ದು ಸಿಪಿಎಸ್‌ಎಸ್‌ನಲ್ಲಿ. ಪೈಲಟ್ ಆಗುವವರಿಗೆ ಮಾತ್ರ ಇರುವ ಯಂತ್ರದ ಪರೀಕ್ಷೆ. ಕೈಯಲ್ಲಿ ಜಾಯ್‌ಸ್ಟಿಕ್, ಕಾಲಲ್ಲಿ ಪೆಡಲ್, ಕಣ್ಣು ಪರದೆ ಮೇಲೆ, ಎಲ್ಲ ಒಟ್ಟಿಗೇ ಸಂಭಾಳಿಸಬೇಕು. ನನ್ನ ಕೈ ಸರಿ ಇದ್ದರೆ ಕಾಲು ತಪ್ಪುತ್ತಿತ್ತು. ಇದು ಜೀವಮಾನದಲ್ಲಿ ಒಂದೇ ಸಲ ಅಕ್ಕ. ಫೇಲಾದರೆ ಎನ್‌ಡಿಎ (ಪಿಯುಸಿ ಆದಮೇಲೆ ಸೇರುವ ಸೇನಾ ಅಕಾಡೆಮಿ), ಎಎಫ್‌ಕ್ಯಾಟ್ ಯಾವ ದಾರಿಯಲ್ಲಿ ಬಂದರೂ ಪೈಲಟ್ ಹುದ್ದೆಗೆ ಮತ್ತೆ ಬಿಡಲ್ಲ. ಮಗಳು ಜ್ವರ ಬಂದಾಗ, ನಿದ್ದೆಗೆಟ್ಟಾಗ ಅದಕ್ಕೆ ಕೂರಬಾರದು, ಅಷ್ಟು ನೆನಪಿಡಿ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಹಾಜರಾಗುವ ಸಾಹಸವಂತೂ ಬೇಡ. ನಾನು ಮಾಡಿದ್ದು ಅದೇ.

ನನ್ನ ಗೆಳೆಯ ಅದೂ ಪಾಸಾಗಿ ಮೆಡಿಕಲ್‌ನಲ್ಲಿ ಹೋದ. ಕಾರಣ ಕೇಳಿದರೆ ನಗ್ತೀರ: ಕಾಲು ಗಿಡ್ಡ. ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಬೇಕು, ಅದು ಎಲ್ಲರಿಗೂ ಗೊತ್ತು. ಕಾಲಿನ ಉದ್ದ 99 ಸೆಂಟಿಮೀಟರಿಗೆ ಕಡಿಮೆ ಇರಬಾರದು, ತೊಡೆಯ ಉದ್ದ 64 ದಾಟಬಾರದು ಅಂತಲೂ ಇದೆ. ಕಾಕ್‌ಪಿಟ್ಟಿನಲ್ಲಿ ಪೆಡಲ್ ಎಟುಕಬೇಕು, ಆಪತ್ತಿನಲ್ಲಿ ಸೀಟು ಹೊರಗೆ ಎಸೆಯುವಾಗ ಮಂಡಿ ತಗುಲಬಾರದು, ಅದಕ್ಕೆ. ಕಣ್ಣೂ ಹಾಗೇ. ದೂರದ್ದು ಮಸುಕಾಗಿ ಕಾಣುವ ಮೈನಸ್ ಪವರ್ ಇದ್ದರೆ ಎನ್‌ಡಿಎಯಿಂದ ಪೈಲಟ್ ಆಗಲು ಬರಲ್ಲ. ಬಣ್ಣ ಗುರುತಿಸುವುದರಲ್ಲಿ ದೋಷ ಇದ್ದರೂ ಅಷ್ಟೇ. ಲೇಸರ್ ಮಾಡಿಸಿ ಸರಿಮಾಡ್ತೀವಿ ಅಂತ ಯಾರಾದರೂ ಅಂದರೆ ಕೇಳಬೇಡಿ, ಇಪ್ಪತ್ತು ತುಂಬುವ ಮುಂಚೆ ಮಾಡಿಸಿದವರನ್ನು ತಗೊಳ್ಳಲ್ಲ.

ಅದಕ್ಕೇ ಹೇಳೋದು, ಯುದ್ಧದ ಪ್ರಶ್ನೆ ಬಹಳ ಆಮೇಲಿನದು. ಮೊದಲು ಟೇಪು ಹಿಡಿಯಿರಿ.

ಇನ್ನೊಂದು ಮಾತು. ನಮ್ಮ ಕಡೆಯ ಒಂದು ಕೋಚಿಂಗ್ ಸೆಂಟರಿನವರು ನನ್ನ ತಮ್ಮನಿಗೆ 'ಮೊದಲು ಅಗ್ನಿವೀರ್ ಸೇರು, ಆಮೇಲೆ ತಾನಾಗಿ ಪೈಲಟ್ ಆಗಬಹುದು' ಅಂತ ಹೇಳಿ ಮೂವತ್ತು ಸಾವಿರ ಕಟ್ಟಿಸಿಕೊಂಡರು. ಅಗ್ನಿವೀರ್ ವಾಯು ಬೇರೆ, ಅಧಿಕಾರಿಯಾಗಿ ಪೈಲಟ್ ಆಗುವುದು ಬೇರೆ. ಸೇರಿದವರು ಮತ್ತೆ ಅಧಿಕಾರಿ ಪರೀಕ್ಷೆಯನ್ನೇ ಬರೆಯಬೇಕು.

ಪಿಯು ಕಾಲೇಜಿನ ಗಣಿತ ಉಪನ್ಯಾಸಕಿ, ಹೊಸನಗರ

ಹುಡುಗ ಎಎಫ್‌ಕ್ಯಾಟ್ ಹೇಳಿದ, ನಾನು ಎನ್‌ಡಿಎ ಹೇಳ್ತೀನಿ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಇರಲೇಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಪತ್ರಿಕೆಗೆ 600, ಅದರೊಳಗೆ ಇಂಗ್ಲಿಷಿಗೇ 200. ಕನ್ನಡದಲ್ಲಿ ಬರೆಯುವ ಹಾಗಿಲ್ಲ, ಇಂಗ್ಲಿಷ್ ಇಲ್ಲವೇ ಹಿಂದಿ. ನಮ್ಮ ಮಕ್ಕಳು ಗಣಿತದಲ್ಲಿ ಎಡವುವುದು ಕಡಿಮೆ. ಎರಡೂವರೆ ಗಂಟೆಗೆ 120 ಪ್ರಶ್ನೆ ಅಂದಾಗ ಕೈ ನಡುಗುತ್ತದೆ, ಅಷ್ಟೇ. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಲಿ.

ಕಹಿ ಸತ್ಯ ಒಂದಿದೆ. ಹೆಣ್ಣುಮಕ್ಕಳಿಗೆ ಎನ್‌ಡಿಎ ಬಾಗಿಲು ತೆರೆದದ್ದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಮೊದಲ ಹದಿನೇಳು ಹುಡುಗಿಯರು 2025ರ ಮೇನಲ್ಲಿ ಪಾಸಾಗಿ ಹೊರಬಂದರು. ಆದರೆ ನಾನು ನೋಡಿದ ಅಧಿಸೂಚನೆಗಳಲ್ಲಿ ವಾಯುಪಡೆಯ ಪೈಲಟ್ ಸೀಟು 92, ಅದರಲ್ಲಿ ಹುಡುಗಿಯರಿಗೆ ಎರಡು. ಇಡೀ ದೇಶಕ್ಕೆ ಎರಡು! ಎನ್‌ಡಿಎ ಸಿಗದಿದ್ದರೆ ಎದೆಗುಂದಬೇಡಿ. ಡಿಗ್ರಿ ಆದಮೇಲೆ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಒಳಗೆ ಎಎಫ್‌ಕ್ಯಾಟ್ ಇದೆ. 2016ರಲ್ಲಿ ಮೊದಲ ಮೂವರು ಫೈಟರ್ ಪೈಲಟ್ ಹುಡುಗಿಯರು ಬಂದದ್ದು ಡಿಗ್ರಿ ಮುಗಿಸಿಯೇ. ಆ ದಾರಿಯಲ್ಲಿ ಹದಿನಾಲ್ಕು ವರ್ಷದ ಸೇವೆ, ಪಿಂಚಣಿ ಇಲ್ಲ, ಅದೂ ತಲೆಯಲ್ಲಿರಲಿ. ಭದ್ರಾವತಿಯವರ ಇಂಜಿನಿಯರಿಂಗ್ ಆ ಲೆಕ್ಕದಲ್ಲಿ ಕೆಟ್ಟ ಸಲಹೆ ಏನಲ್ಲ, ಕೊಟ್ಟ ಕಾರಣ ಮಾತ್ರ ಕೆಟ್ಟದ್ದು.

ಕೊಪ್ಪದ ಒಬ್ಬ ತಾಯಿ

ನನ್ನ ಮಗ ಹೆಲಿಕಾಪ್ಟರ್ ಪೈಲಟ್. ಎಲ್ಲಿದ್ದಾನೆ ಅಂತ ಬರೆಯುವುದಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ, ಆದದ್ದು ಹೇಳ್ತೀನಿ.

ಸಿಂಧೂರದ ದಿನಗಳಲ್ಲಿ ಫೋನ್ ಇಲ್ಲ. ಯಾಕೆ ಇಲ್ಲ ಅಂತ ಕೇಳುವ ಹಾಗೂ ಇಲ್ಲ. ಟಿವಿಯಲ್ಲಿ ಒಂದೊಂದು ಚಾನೆಲ್‌ನವರು ಒಂದೊಂದು ಊರು ಗೆದ್ದುಬಿಡ್ತಿದ್ದರು. ನಮ್ಮನೆಯವರು ಎರಡನೇ ದಿನ ಡಿಶ್‌ನ ವೈರನ್ನೇ ಕಿತ್ತರು. ನಾನು ಸುಮ್ಮನಿರಲಾರದೆ ಕೊಟ್ಟಿಗೆ ಮೂರು ಸಲ ತೊಳೆದೆ. 10ನೇ ತಾರೀಖು ಸಂಜೆ ನಿಂತಿತು ಅಂತ ಗೊತ್ತಾಯ್ತು, ಇವನ ಫೋನ್ ಬಂದದ್ದು 12ಕ್ಕೆ. 'ಅಮ್ಮ, ಅಲ್ಲಿ ಮಳೆ ಶುರುವಾಯ್ತಾ?' ಅಂದ. 'ಇಲ್ಲ, ಬರೀ ಗುಡುಗು' ಅಂದೆ. ಅಷ್ಟೇ ಮಾತು. ಫೋನ್ ಇಟ್ಟಮೇಲೆ ಅತ್ತೆ.

ಹಾಗಂತ ಅವನನ್ನು ಕಳಿಸಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಅಂದರೆ, ಇಲ್ಲ ಮಾರಾಯ್ರೆ. ನಮ್ಮ ತೋಟದಲ್ಲಿ ಕೊನೆಗೌಡ ಅಡಿಕೆ ಮರದಿಂದ ಮರಕ್ಕೆ ತೂಗಿ ದಾಟುವಾಗ ನಾವು ಕೆಳಗೆ ನಿಂತು ಕೊನೆ ಎಣಿಸ್ತಾ ಇರ್ತೀವಿ. ಅವನ ಅಮ್ಮ ಮನೆಯಲ್ಲಿ ಏನು ಮಾಡ್ತಿರ್ತಾಳೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಮಗ ಸೇರಿದ ಮೇಲೆ ಯೋಚಿಸಿದೆ. ಈಗ ನಮ್ಮಲ್ಲಿ ಉದ್ದ ಕೋಲಿನ ದೋಟಿ ತಂದಿದ್ದೇವೆ, ನೆಲದಲ್ಲೇ ನಿಂತು ಕೊಯ್ತಾರೆ.

ಯುದ್ಧ ಅಂದರೆ ಬಾಂಬು ಹಾಕುವುದೊಂದೇ ಅಲ್ಲ ಅಂತ ನಿಮ್ಮ ಮಗಳಿಗೂ ಹೇಳಿ. 2023ರಲ್ಲಿ ಸುಡಾನಿನಲ್ಲಿ ಜಗಳ ಎದ್ದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಹಕ್ಕಿಪಿಕ್ಕಿಗಳೂ ಇದ್ದರಲ್ಲ, ಗಿಡಮೂಲಿಕೆ ಎಣ್ಣೆ ಮಾರಲು ಹೋದವರು. ಆಪರೇಷನ್ ಕಾವೇರಿ ಅಂತ ಹೆಸರಿಟ್ಟು ಎಲ್ಲರನ್ನೂ ಕರೆತಂದರು. ಅದೇ ಕಾರ್ಯಾಚರಣೆಯಲ್ಲಿ ಒಂದು ರಾತ್ರಿ ವಾದಿ ಸೈದ್ನಾ ಅನ್ನುವಲ್ಲಿ, ಇಳಿಯಲು ದೀಪವೂ ಇಲ್ಲದ ಹಾಳು ರನ್‌ವೇಯಲ್ಲಿ, ವಾಯುಪಡೆಯ ಸಾಗಣೆ ವಿಮಾನ ಇಳಿಸಿ 121 ಜನರನ್ನು ಎತ್ತಿಕೊಂಡು ಬಂದರು. ರಾತ್ರಿ ಕಾಣುವ ಕನ್ನಡಕ ಹಾಕಿಕೊಂಡು ಇಳಿಸಿದ್ದಂತೆ. ಅದನ್ನು ಓಡಿಸಿದವರೂ ಮಿಲಿಟರಿ ಪೈಲಟ್‌ಗಳೇ.

ಸಂಬಳ ಯಾರೂ ಹೇಳಲಿಲ್ಲ. ಕೊನೆಯ ವರ್ಷದ ತರಬೇತಿಯಲ್ಲೇ ತಿಂಗಳಿಗೆ 56,100 ಕೊಡುತ್ತಾರೆ. ಸೇರಿದ ಮೇಲೆ ಅದರ ಮೇಲೆ ಹಾರಾಟದ ಭತ್ಯೆ 25,000, ಮಿಲಿಟರಿ ಭತ್ಯೆ 15,500, ತುಟ್ಟಿಭತ್ಯೆ ಬೇರೆ. ಎಲೆಚುಕ್ಕಿ ರೋಗ ಬಂದ ವರ್ಷ ನಮ್ಮ ಔಷಧಿ ಹೊಡೆದ ಕೂಲಿ ಹೋದದ್ದು ಅವನ ದುಡ್ಡಿನಲ್ಲೇ.

ಮತ್ತೆ ತೀರ್ಥಹಳ್ಳಿಯ ಅಮ್ಮ

ಎಲ್ಲರಿಗೂ ಕೈಮುಗಿದೆ. ಕೊಪ್ಪದ ಅಕ್ಕ, ನಿಮ್ಮದನ್ನು ಮಗಳಿಗೆ ಓದಿ ಹೇಳಿದೆ, ಅವಳು ಏನೂ ಮಾತಾಡದೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಪ್ಪನ ಟೇಪು ಹಿಡಿದುಕೊಂಡು ಬಂದಳು. ಗೋಡೆಗೆ ನಿಲ್ಲಿಸಿ ಅಳೆದೆವು. ಎತ್ತರ 163 ಬಂತು. ಅವಳಪ್ಪನಿಗೆ ನಂಬಿಕೆ ಇಲ್ಲ, ಹಿಮ್ಮಡಿ ಎತ್ತಿದ್ದಾಳೆ ಅಂತ ಮತ್ತೆ ನಿಲ್ಲಿಸಿದರು. ಆಗ ಹತ್ತಿರ ಹತ್ತಿರ 162 ಮತ್ತು ಅರ್ಧ. ಇಬ್ಬರೂ ಇನ್ನೂ ಜಗಳ ಆಡ್ತಿದ್ದಾರೆ. ಕಾಲು ಅಳೆಯುವುದು ಹೇಗೆ ಅಂತ ನಮಗೆ ಗೊತ್ತಾಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಕಾಲು ಚಾಚಿ, ಹಿಮ್ಮಡಿಯವರೆಗಾ? ಶಿವಮೊಗ್ಗದ ತಮ್ಮ, ಗೊತ್ತಿದ್ದರೆ ಹೇಳಪ್ಪ. ಬುಧವಾರ ಕಣ್ಣು ತೋರಿಸಲು ಹೋಗ್ತಿದ್ದೇವೆ, ಬಸ್ಸಿನಲ್ಲಿ ಅವಳಿಗೆ ಮುಂದಿನ ಸೀಟು ಹಿಡಿಯಬೇಕು.